ಕೂಗುವ ಉದ್ಯೋಗ

ನನಗೆ ಪಿಸುಮಾತು ಬರುವುದಿಲ್ಲ. ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಅಮ್ಮನ ಕಿವಿಯಲ್ಲಿ ಗುಟ್ಟಾಗಿ "ಈ ಸೀರೆ ಚೆನ್ನಾಗಿಲ್ಲ" ಎಂದರೆ ಎದುರಂಗಡಿಯವನೂ ಬಿಚ್ಚಿದ ಸೀರೆ ಮಡಚಿಡುತ್ತಾನೆ. ಬೇತಮಂಗಲದ ಪಕ್ಕದ ನಮ್ಮೂರಿನಲ್ಲಿ ಅಮ್ಮ "ಎಣ್ಮಗು ಗಂಟ್ಲು ಒಸ್ಲು ದಾಟ್ಬಾರ್ದು ಕಣೇ!" ಎಂದು ನನಗೆ ಬುದ್ಧಿ ಹೇಳುತ್ತಿದ್ದದ್ದು ಕೆರೆಯಾಚೆ ಮೇಯುತ್ತಿದ್ದ ಹಸುಗಳಿಗೂ ಕೇಳಿಸಿ, ಅವು ಮನೆಯ ಕಡೆ ಹೊರಡುತ್ತಿದ್ದವು. ಗಂಟಲು ನನಗೆ ವಂಶಪಾರಂಪರ್ಯ. ವಂಶದಲ್ಲಿಲ್ಲದೆ ನಾನೇ ಸಂಪಾದಿಸಿದ್ದು ಬಿ.ಎ. ಪದವಿ. ಅದನ್ನು ಹೇಳಿಕೊಳ್ಳುವಾಗ ದನಿ ತಗ್ಗಿಸುವ ಅಗತ್ಯ ನನಗಿನ್ನೂ ಕಂಡಿಲ್ಲ.

ಫುಟ್‌ಬಾಲ್ ಆಡಿ ಸಂಬಳ ಪಡೆಯುವವಳು ನಾನು, ಅದೂ ಡಿಫೆಂಡರ್. ಗೋಲು ಹೊಡೆಯುವವಳಿಗೆ ಮುಂದಿರುವುದು ಕಂಡರೆ ಸಾಕು; ಕಾವಲಿನವರಾದ ನಾವು ಬೆನ್ನ ಹಿಂದೆ ಏನಿದೆಯೆಂದು ಒಬ್ಬರಿಗೊಬ್ಬರು ಕೂಗಿ ಹೇಳದಿದ್ದರೆ ಕೆಟ್ಟೆವು. ಕೆ.ಜಿ.ಎಫ್.ನ ಗಣಿದಿಬ್ಬದ ಪಕ್ಕದ ಮೈದಾನದಲ್ಲಿ ನಂದಿದುರ್ಗ ಗಣಿ ಕಾಲೊನಿಯ ತಮಿಳು ಗೋಲ್‌ಕೀಪರ್ "ಪಾರುಡೀ" ಎನ್ನುವಳು, ಆಂಧ್ರದ ಗಡಿಯವಳು "ಚೂಡವೇ" ಎನ್ನುವಳು, ನಾನು "ನೋಡೇ" ಎನ್ನುವೆ. ಚೆಂಡು ಬರುವಾಗ ಅನುವಾದ ಕೇಳಿದವರನ್ನು ನಾನು ಕಂಡಿಲ್ಲ.

ದೂರದ ಊರಿನ ಕ್ಲಬ್ಬಿಗೆ ಸೇರಿದ ಮೇಲೆ ಗಂಟಲಿಗೆ ಬೀಗ ಬಿತ್ತು. ನನ್ನ ಎಡಕ್ಕೆ ಆಡುವವಳು ಮಣಿಪುರದ ಹುಡುಗಿ. ಕನ್ನಡ ಬಲ್ಲವರು ಒಬ್ಬರೂ ಇಲ್ಲ. ಪದವೀಧರೆಯ ಘನತೆಗೆ ಕುಂದು ಬಾರದಂತೆ, ಕಾಲ, ವಚನಗಳನ್ನು ಸರಿಪಡಿಸಿ, ಪರಿಶುದ್ಧವಾದ ಇಂಗ್ಲಿಷ್ ವಾಕ್ಯವೊಂದನ್ನು ನಾಲಗೆಗೆ ತರುವಷ್ಟರಲ್ಲಿ ಚೆಂಡು ನಮ್ಮ ಬಲೆಯಲ್ಲಿ ವಿಶ್ರಮಿಸುತ್ತಿತ್ತು. ಕೋಚ್ ಮೇಡಂ ನೇರವಾಗಿ ಹೇಳಿದರು: ಮಾತಾಡದ ಡಿಫೆಂಡರ್ ನೆಟ್ಟ ಕಂಬ, ಇನ್ನೊಂದು ಪಂದ್ಯ ನೋಡಿ ಊರಿಗೆ ಕಳಿಸುತ್ತೇನೆ.

ಅಮ್ಮನಿಗೆ ಫೋನ್ ಮಾಡಿದೆ. ಬೈಗುಳ ನಿರೀಕ್ಷಿಸಿದ್ದೆ. "ಆಗ್ದಿದ್ರೆ ಬಂದ್ಬುಡಮ್ಮ. ಬಂಗಾರಪೇಟೆ ಟೇಸನ್‌ಗೆ ನಿಮ್ಮಪ್ಪನ್ನ ಕಳಿಸ್ತೀನಿ" ಎಂದಳು. ಜೀವಮಾನದಲ್ಲಿ ಮೊದಲ ಬಾರಿಗೆ ಅವಳು ಮೆತ್ತಗೆ ಮಾತಾಡಿದ್ದಳು. ಕೋಚ್ ಮಾತಿಗಿಂತ ಆ ಮೆತ್ತನೆಯ ದನಿಗೇ ನಾನು ಹೆಚ್ಚು ಹೆದರಿದೆ.

ಆ ಇನ್ನೊಂದು ಪಂದ್ಯದಲ್ಲಿ ಎದುರಾಳಿಯೊಬ್ಬಳು ಮಣಿಪುರದ ಹುಡುಗಿಯ ಬೆನ್ನ ಹಿಂದೆ ನುಸುಳಿದ್ದು ಕಂಡಿತು. ಇಂಗ್ಲಿಷಿಗೆ ಪುರಸೊತ್ತಿರಲಿಲ್ಲ. "ಲೇ, ಇಂದೆ ನೋಡೇ! ಇಂದೆ!" ಎಂದು ಅರಚಿಬಿಟ್ಟೆ. ಹುಡುಗಿ ಗಕ್ಕನೆ ತಿರುಗಿ ಚೆಂಡನ್ನು ಗೆರೆಯಾಚೆ ಒದ್ದಳು. ಆಮೇಲೆ ನನ್ನನ್ನು ತಡೆಯುವವರಾರು? "ಈಕಡೆ ಬಾರೇ", "ಅಲ್ಲೇ ನಿಂತ್ಕಳೇ", "ಬುಡ್ಬೇಡ ಕಣೇ ಅವ್ಳನ್ನ!" ಅರ್ಥವು ಶಬ್ದದಲ್ಲಿರುತ್ತದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವಳು ನಾನು; ಎಚ್ಚರಿಸುವವಳ ಆತಂಕದಲ್ಲೂ ಅದರ ದೊಡ್ಡ ಪಾಲಿರುತ್ತದೆಂದು, ಓದುಗರೇ, ಅಂದು ಕಲಿತೆ. ಗೋಲಾಗಲಿಲ್ಲ. ಮೇಡಂ ಊರಿಗೆ ಕಳಿಸುವ ಮಾತೆತ್ತಲಿಲ್ಲ.

ಕೆಲವು ಪಂದ್ಯಗಳಾದ ಮೇಲೆ, ಒಮ್ಮೆ ನಾನೇ ಮೈಮರೆತು ಮುಂದೆ ನುಗ್ಗಿದ್ದೆ. ಎಡಗಡೆಯಿಂದ ಕೂಗು ಬಂತು:

"ಲೇ ಅಕ್ಕಾ, ಇಂದೆ ನೋಡೇ!"

ಅಕ್ಕನನ್ನು ಹಾಗೆ ಕರೆಯಬಾರದೆಂದು ಮಣಿಪುರದ ಹುಡುಗಿಗೆ ತಿಳಿಹೇಳಲು ಅದು ಸಮಯವಾಗಿರಲಿಲ್ಲ. ತಿರುಗಿದೆ. ಚೆಂಡು ಅಲ್ಲೇ ಇತ್ತು.