ರಾಶಿಗೆ ಬಾರದ ಹತ್ತಿ

ನನ್ನ ಅವ್ವ ಪಾತ್ರೆಯವಳ ಜೊತೆ ಹೊಡೆದಾಡುತ್ತಿದ್ದಳು. ಇದು ಮಾತಿಗೆ ಹೇಳಿದ್ದಲ್ಲ. ತಿಂಗಳಿಗೊಮ್ಮೆ ಆ ಹೆಂಗಸು ತಲೆಯ ಮೇಲೆ ಸ್ಟೀಲ್ ಪಾತ್ರೆಗಳ ಬುಟ್ಟಿ ಹೊತ್ತು ಮರಾಠಿ ಸೀಮೆಯ ಊರಿನಲ್ಲಿದ್ದ ನಮ್ಮ ಸರಕಾರಿ ಕ್ವಾರ್ಟರ್ಸಿನ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಹಳೆಯ ಬಟ್ಟೆ ಕೊಟ್ಟರೆ ಪಾತ್ರೆ ಕೊಡುವ ವ್ಯಾಪಾರ ಅವಳದು. ಸೀರೆ ಗಟ್ಟಿಯಿದೆಯೋ ಇಲ್ಲವೋ ನೋಡಲು ಅವಳು ಒಂದು ತುದಿ ಹಿಡಿದು ಜಗ್ಗಿದರೆ, ಗಟ್ಟಿಯಿದೆ ಅಂತ ತೋರಿಸಲು ಅವ್ವ ಇನ್ನೊಂದು ತುದಿ ಹಿಡಿದು ಜಗ್ಗುತ್ತಿದ್ದಳು. ಒಂದು ಸಲ ಗುಲಾಬಿ ನೈಲಾನ್ ಸೀರೆ ಪರ್ರೆಂದು ಹರಿದು, ಅವ್ವ ಹಿಂದಕ್ಕೆ ಹೋಗಿ ಬಾಗಿಲ ಚೌಕಟ್ಟಿಗೆ ಬಡಿದುಕೊಂಡಳು. ತಲೆ ಒಡೆಯಿತು. ರಕ್ತ ಒರೆಸಿಕೊಳ್ಳುತ್ತಲೇ "ಹರದಾಕಿ ನೀನು. ಈಗ ದೊಡ್ಡ ಡಬ್ಬಿನ ಕೊಡಬೇಕು ನೋಡು" ಅಂದಳು. ಪಾತ್ರೆಯವಳಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ದೊಡ್ಡ ಡಬ್ಬಿಯನ್ನೇ ಕೊಟ್ಟು ಹೋದಳು.

ನಾನು ಆ ಅವ್ವನ ಮಗಳು. ಸಿಟ್ಟು ನನಗೂ ಮೂಗಿನ ತುದಿಯಲ್ಲೇ ಇರುತ್ತದೆ. ಈಗ ಯಾರಾದರೂ ಮೈಕ್ ಹಿಡಿದು ಸುಸ್ಥಿರ ಉಡುಪು, ಪರಿಸರಸ್ನೇಹಿ ಫ್ಯಾಷನ್ ಅಂತ ಶುರು ಮಾಡಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಅವರು ಹೇಳುವುದು ಸುಳ್ಳಲ್ಲ. ಆದರೆ ಅದೇ ಮಾತನ್ನು ನಾನು ಒಂದು ಕಾರ್ಖಾನೆಯಲ್ಲಿ, ಇಪ್ಪತ್ಮೂರನೇ ವಯಸ್ಸಿನಲ್ಲಿ, ಎದೆ ಉಬ್ಬಿಸಿಕೊಂಡು ಹೇಳಿದ್ದೆ. ಅದಕ್ಕೆ ಪೆಟ್ಟು ತಿಂದವರು ಬೇರೆಯವರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹೊಲಿಗೆ, ಡಿಸೈನು ಅಂತ ಒಂದು ವರ್ಷದ ಡಿಪ್ಲೊಮಾ ಮುಗಿಸಿ ಊರ ಹೊರಗಿನ ಹಿಂಗಣಾದ ಕುರ್ತಾ ಕಾರ್ಖಾನೆಯೊಂದಕ್ಕೆ ಸೇರಿದೆ. ಮುಂದಿನ ಸೀಸನ್ನಿಗೆ ಯಾವ ಬಟ್ಟೆ, ಯಾವ ಬಣ್ಣ ಓಡುತ್ತದೆ ಅಂತ ಹೇಳುವುದು ನನ್ನ ಕೆಲಸ. ಮುಂಬಯಿಯ ದೊಡ್ಡವರು ಅದಕ್ಕೆ ವಿದೇಶದಿಂದ ಪುಸ್ತಕ ತರಿಸುತ್ತಾರಂತೆ. ನಮ್ಮ ಮಾಲಕ ನನ್ನನ್ನು ಇಟ್ಟುಕೊಂಡ.

ಮಾಲಕನ ಕೈ ಸುಮ್ಮನೆ ಇರುತ್ತಿರಲಿಲ್ಲ. ಕಟಿಂಗ್ ಟೇಬಲ್ಲಿನ ಮೇಲೆ ಕಬ್ಬಿಣದ ಗಜಕೋಲು ಒಂದಿತ್ತು. ಬಟ್ಟೆ ಅಳೆದದ್ದಕ್ಕಿಂತ ಅದು ಇಸ್ತ್ರಿಯವರ ಬೆನ್ನು ಅಳೆದದ್ದೇ ಹೆಚ್ಚು. ಹೊಲಿಯುವ ಹೆಂಗಸರ ಮೇಲೆ ಕೈ ಎತ್ತುತ್ತಿರಲಿಲ್ಲ, ದಾರ ಸುತ್ತುವ ಬಾಬಿನ್ನುಗಳನ್ನು ಎಸೆಯುತ್ತಿದ್ದ. ನನ್ನ ತಂಟೆಗೆ ಮಾತ್ರ ಬರುತ್ತಿರಲಿಲ್ಲ. ನನ್ನ ಅಪ್ಪ ಕೇಂದ್ರ ಸರಕಾರದ ನೌಕರ, ನಾನು ಓದಿದವಳು. ಒಂದು ಏಟು ಬಿದ್ದರೂ ವಿಷಯ ಎಲ್ಲಿಗೆ ಹೋಗುತ್ತದೆ ಅನ್ನುವ ಲೆಕ್ಕ ಅವನಿಗೆ ಇತ್ತು. ನನಗೂ ಅದು ಗೊತ್ತಿತ್ತು, ಅದರಿಂದ ನನಗೆ ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಬಟ್ಟೆ ಕತ್ತರಿಸುತ್ತಿದ್ದ ಮಾಸ್ತರರು ಐವತ್ತು ದಾಟಿದವರು, ಊರ ನಡುವಿನ ಪೇಟೆಯಾದ ಮಹಾಲ್‌ದ ಹಳೆಯ ಓಣಿಯವರು. ನಮೂನೆಯ ಕಾಗದಗಳನ್ನು ಒಂದಕ್ಕೊಂದು ಒತ್ತಿ ಹಾಸಿ, ಕೆಳಗೆ ಬಿದ್ದ ಚಿಂದಿ ಎರಡು ಬೆರಳಿಗಿಂತ ಅಗಲವಿದ್ದರೆ ಆ ದಿನ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ನೇಯ್ಗೆಯ ಓರೆ ಎಲ್ಲಿ, ನೇರ ಎಲ್ಲಿ ಅಂತ ಕಣ್ಣು ಮುಚ್ಚಿ ಬೆರಳಿನಿಂದಲೇ ಗುರುತಿಸಲು ನನಗೆ ಕಲಿಸಿದವರು ಅವರು. ನನ್ನನ್ನು 'ಬೇಟಾ' ಅನ್ನುತ್ತಿದ್ದರು.

ಭವಿಷ್ಯ ಹೇಳುವ ನನ್ನ ವಿದ್ಯೆ ಬಂದದ್ದು ಪಾತ್ರೆಯವಳಿಂದ. ಮನೆಮನೆಯ ಹಳೆಯ ಬಟ್ಟೆಯನ್ನು ಅವಳು, ಅವಳಂಥ ಇನ್ನೂ ಹತ್ತಾರು ಹೆಂಗಸರು ರವಿವಾರ ನಸುಕಿಗೆ ಮಹಾಲ್‌ದ ಒಂದು ಓಣಿಯಲ್ಲಿ ರಾಶಿ ಹಾಕಿ ಮಾರುತ್ತಿದ್ದರು. ನಾನು ಅಲ್ಲಿ ಹೋಗಿ ನಿಲ್ಲುತ್ತಿದ್ದೆ. ಹೆಂಗಸರು ಯಾವುದನ್ನು ಬೇಸತ್ತು ಬಿಸಾಕಿದ್ದಾರೋ ಅದನ್ನು ಇನ್ನೆರಡು ವರ್ಷ ಹಣ ಕೊಟ್ಟು ಕೊಳ್ಳುವುದಿಲ್ಲ. ಯಾವುದು ರಾಶಿಗೆ ಬರುವುದೇ ಇಲ್ಲವೋ ಅದರ ಮೇಲೆ ಅವರಿಗೆ ಜೀವ. ಇಷ್ಟೇ ನನ್ನ ಶಾಸ್ತ್ರ. ಮೊದಲ ವರ್ಷ ಗಿಳಿಹಸಿರು ರಾಶಿರಾಶಿ ಬಿದ್ದಿತ್ತು, ಬೇಡ ಅಂದೆ. ಆ ಬಣ್ಣ ಹೊಲಿಸಿದ ಪಕ್ಕದ ಕಾರ್ಖಾನೆಯವನು ನೆಲಕಚ್ಚಿದ. ಮರುವರ್ಷ ಸಾಸಿವೆ ಹಳದಿ ಅಂದೆ, ಓಡಿತು. ಮಾಲಕ ನನ್ನನ್ನು 'ಜ್ಯೋತಿಷಿ ಬಾಯಿ' ಅಂತ, ಅಂದರೆ ಜೋಯಿಸಮ್ಮ ಅಂತ, ಕರೆಯತೊಡಗಿದ. ನನಗೆ ಕೋಡು ಮೂಡಿತು.

ಮೂರನೇ ವರ್ಷ ರಾಶಿಯಲ್ಲಿ ಕಂಡದ್ದೆಲ್ಲ ಪಾಲಿಯೆಸ್ಟರು, ನೈಲಾನು, ಜಾರ್ಜೆಟ್ಟು. ಹತ್ತಿಯ ಒಂದು ಸೀರೆಯಿಲ್ಲ, ಒಂದು ದುಪಟ್ಟಾ ಇಲ್ಲ. ನಾಲ್ಕು ರವಿವಾರ ನೋಡಿದೆ. ಜನ ಪ್ಲಾಸ್ಟಿಕ್ ಬಟ್ಟೆಯನ್ನು ಕಳಚಿ ಎಸೆಯುತ್ತಿದ್ದಾರೆ, ಹತ್ತಿಯನ್ನು ಅಪ್ಪಿಕೊಂಡಿದ್ದಾರೆ ಅಂತ ತೀರ್ಮಾನಿಸಿಬಿಟ್ಟೆ. ಕೈಮಗ್ಗದ ಹತ್ತಿ, ಗಿಡದ ಬಣ್ಣ, ಹತ್ತು ವರ್ಷ ಬಾಳುವ ಕುರ್ತಾ, ಇದೇ ಮುಂದಿನ ಕಾಲ ಅಂತ ಮಾಲಕನ ಮುಂದೆ ಭಾಷಣ ಮಾಡಿದೆ.

ಮಾಸ್ತರರು ಕತ್ತರಿ ಕೆಳಗಿಟ್ಟರು. "ಹತ್ತಿ ಬೇಡ ಬೇಟಾ. ಅದು ಆ ರಾಶಿಗೆ ಬರೋದಿಲ್ಲ, ಮನೆಯಲ್ಲೇ ಮುಗಿದುಹೋಗತ್ತೆ" ಅಂದರು ಹಿಂದಿಯಲ್ಲಿ.

"ಮನೆಯಲ್ಲೇ ಹ್ಯಾಗೆ ಮುಗಿಯತ್ತೆ? ಸರಿಯಾಗಿ ಹೇಳಿ" ಅಂದೆ.

ಅವರು ನನ್ನ ಮುಖ ನೋಡಿದರು, ಸುತ್ತ ಕೂತ ಹೆಂಗಸರನ್ನು ನೋಡಿದರು, ತಲೆ ತಗ್ಗಿಸಿದರು. ಹೆಂಗಸರಲ್ಲಿ ಇಬ್ಬರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನನ್ನನ್ನೇ ನೋಡಿ ನಕ್ಕರು ಅನಿಸಿ ನನಗೆ ನೆತ್ತಿಗೇರಿತು. "ಕಣ್ಣು ಮಂಜಾದವರು ಕತ್ತರಿ ಹಿಡಿಯಬಹುದು, ಕಾಲ ನೋಡಲಿಕ್ಕೆ ಆಗೋದಿಲ್ಲ" ಅಂದುಬಿಟ್ಟೆ, ಎಲ್ಲರೆದುರು, ನನ್ನ ಅಪ್ಪನ ವಯಸ್ಸಿನವರಿಗೆ. ಅವರು ಮತ್ತೆ ಕತ್ತರಿ ಎತ್ತಿಕೊಂಡರು. ಹತ್ತಿ ಬಂತು, ಕತ್ತರಿಸಿದರು.

ಆ ಕುರ್ತಾಗಳು ಮಳೆಗಾಲ ಮುಗಿಯುವ ಮೊದಲೇ ಗಂಟುಗಂಟಾಗಿ ವಾಪಸ್ಸು ಬಂದವು. ಮುದುರುತ್ತದೆ, ಬಣ್ಣ ಬಿಡುತ್ತದೆ, ಹೊಸದೇ ಹಳೆಯದರ ಹಾಗೆ ಕಾಣುತ್ತದೆ, ಗಿರಾಕಿಗಳು ಮಿಂಚುವುದನ್ನು ಕೇಳುತ್ತಾರೆ ಅಂತ ಅಂಗಡಿಯವರು ನಮ್ಮ ಟೆಂಪೊ ಡ್ರೈವರನಿಗೆ ಬೈದು ಕಳಿಸಿದ್ದರು. ಒಬ್ಬನಂತೂ ಗಂಟನ್ನು ಅವನ ಮುಖಕ್ಕೇ ಎಸೆದಿದ್ದ.

ಆ ರವಿವಾರ ಪಾತ್ರೆಯವಳು ಮನೆಗೆ ಬಂದಾಗ ನಾನು ಅವಳ ಬುಟ್ಟಿಯನ್ನೇ ಒದ್ದೆ. ಪಾತ್ರೆಗಳು ಮೆಟ್ಟಿಲ ಮೇಲೆ ಉರುಳಿದವು. ನಿಮ್ಮ ರಾಶಿಗೆ ಹತ್ತಿ ಯಾಕೆ ಬರುವುದಿಲ್ಲ ಅಂತ ಹಿಂದಿಯಲ್ಲಿ ಕಿರುಚಿದೆ. ಅವಳು ಬಗ್ಗಿ ಒಂದು ಸೌಟು ಎತ್ತಿಕೊಂಡು ನನ್ನ ಮೊಣಕೈಗೆ ಸರಿಯಾಗಿ ಒಂದು ಬಿಟ್ಟಳು.

"ನಿನ್ನ ತಾಯಿ ನನಗೆ ಒಂದಾದರೂ ಹತ್ತಿ ಸೀರೆ ಕೊಟ್ಟಿದ್ದಾಳಾ?" ಅಂದಳು. "ಕೂಸಿಗೆ ಹಾಸೋದು ಯಾವುದು? ಗಾಯಕ್ಕೆ ಕಟ್ಟೋದು ಯಾವುದು? ತಿಂಗಳು ತಿಂಗಳು ನೀನು ಇಟ್ಟುಕೊಳ್ಳೋದು ಯಾವುದು? ನೈಲಾನ್ ಇಟ್ಟುಕೊಳ್ತೀಯಾ?"

ಅವ್ವ ಒಳಗಿಂದ ಬಂದು ಪಾತ್ರೆಯವಳಿಗೆ ಏನೂ ಅನ್ನದೆ ನನ್ನ ಕೆನ್ನೆಗೆ ಬಾರಿಸಿದಳು. "ಆಕಿ ಹೊಟ್ಟಿ ಮ್ಯಾಲೆ ಒದಿತೀಯೇನ? ಆರಿಸಿ ಕೊಡು" ಅಂದಳು. ಆರಿಸಿಕೊಟ್ಟೆ. ಬಚ್ಚಲುಮನೆಯ ಗೂಡಿನಲ್ಲಿ ಅವ್ವ ಅಪ್ಪನ ಹಳೆಯ ಧೋತರ ಹರಿದು ಮಡಿಚಿಟ್ಟ ಅರಿವೆಗಳು ನಾನು ಹುಟ್ಟಿದಾಗಿನಿಂದ ಇದ್ದವು. ಉಳಿದದ್ದು ಕೌದಿಯ ಒಳಗೆ ಹೋಗುತ್ತಿತ್ತು, ಕೊನೆಗೆ ನೆಲ ಒರೆಸಿ ಮಣ್ಣಾಗುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯಿತು ನನ್ನ ಕಥೆ. ಮಾಸ್ತರರಿಗೆ ಗೊತ್ತಿತ್ತು. ಗಂಡಸಾಗಿ, ಮದುವೆಯಾಗದ ಹುಡುಗಿಯ ಮುಂದೆ ಅವರು ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೆಂಗಸರು ನಕ್ಕದ್ದು ಅದಕ್ಕೆ.

ಮರುದಿನ ಬಸ್ಸಿನಲ್ಲಿ ಹೋಗುವಾಗ, ತಪ್ಪು ನನ್ನದು ಅಂತ ಹೇಳಬೇಕು, ಮಾಸ್ತರರ ಕ್ಷಮೆ ಕೇಳಬೇಕು ಅಂತ ವಾಕ್ಯಗಳನ್ನು ಹಿಂದಿಯಲ್ಲಿ ಜೋಡಿಸಿಕೊಳ್ಳುತ್ತಿದ್ದೆ.

ಕಾರ್ಖಾನೆಯ ನಡುವೆ ವಾಪಸ್ಸು ಬಂದ ಗಂಟುಗಳೆಲ್ಲ ಬಿಚ್ಚಿ ಬಿದ್ದಿದ್ದವು. ಮಾರಾಟವಾಗದ ಮಾಲನ್ನು ಮಾಲಕ ಯಾರಿಗೂ ಕೊಡುತ್ತಿರಲಿಲ್ಲ, ಎದೆಯ ಹತ್ತಿರ ಅಡ್ಡಡ್ಡ ಸೀಳಿಸುತ್ತಿದ್ದ. ಕೂಲಿಯವರ ಮೈಮೇಲೆ ನಮ್ಮ ಕುರ್ತಾ ಕಂಡರೆ ಅಂಗಡಿಗೆ ಬರುವವರು ಮುಟ್ಟುವುದಿಲ್ಲ ಅನ್ನುವುದು ಅವನ ವಾದ. ಆ ಕೆಲಸ ಯಾವಾಗಲೂ ಹೊಲಿಯುವ ಹೆಂಗಸರದು. ಅಂದು ಮಾಸ್ತರರನ್ನು ಕರೆದ. "ನೀನು ಕತ್ತರಿಸಿದ್ದು, ನೀನೇ ಸೀಳು" ಅಂದ.

ಮಾಸ್ತರರು ಕತ್ತರಿಯನ್ನು ಟೇಬಲ್ಲಿನ ಮೇಲೆ ಇಟ್ಟರು. "ತೊಡಲಿಕ್ಕೆ ಕತ್ತರಿಸ್ತೀನಿ ಸಾಹೇಬ. ಹಾಳು ಮಾಡಲಿಕ್ಕೆ ಕತ್ತರಿಸೋದಿಲ್ಲ" ಅಂದರು. ದನಿ ಏರಿಸಲಿಲ್ಲ.

ಮಾಲಕ ಅವರ ಬಲಗೈ ಮಣಿಕಟ್ಟು ಹಿಡಿದು ಟೇಬಲ್ಲಿಗೆ ಒತ್ತಿದ. ಕಬ್ಬಿಣದ ಗಜಕೋಲು ಎತ್ತಿದ. "ಹತ್ತಿ ಕತ್ತರಿಸುವಾಗ ಈ ಕೈಗೆ ಬುದ್ಧಿ ಇರಲಿಲ್ಲವಾ?" ಅಂತ ಕೇಳಿ ಬೆರಳುಗಳ ಮೇಲೆ ಹೊಡೆದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೊಲಿಗೆಯ ಯಂತ್ರಗಳು ಒಂದೊಂದಾಗಿ ನಿಂತವು. ನಾನು ಎಂಟು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಬಸ್ಸಿನಲ್ಲಿ ಜೋಡಿಸಿಕೊಂಡ ವಾಕ್ಯ ಬಾಯಲ್ಲೇ ಇತ್ತು. ಅವನು ನನ್ನ ತಂಟೆಗೆ ಬರುವುದಿಲ್ಲ ಅಂತ ಗೊತ್ತಿದ್ದರೂ, ಹೇಳಿದರೆ ಆ ಕೋಲು ನನ್ನ ಕಡೆ ತಿರುಗೀತು ಅಂತ ನನಗೆ ಹೆದರಿಕೆಯಾಯಿತು, ಬರೀ ಹೆದರಿಕೆ. ಎರಡನೇ ಏಟು ಬಿತ್ತು. ಏನೋ ಮುರಿದ ಸದ್ದು ಕೇಳಿತು. ಮಾಸ್ತರರು ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ನನ್ನ ಹೆಸರು ಬಂದಂತಾಗುತ್ತಿತ್ತು, ಅದಕ್ಕೇ ನೋಡಲಿಲ್ಲ. ಮೂರನೇ ಏಟೂ ಬಿತ್ತು.

ಆಮೇಲೆ ಹೇಳಿದೆ. "ಹತ್ತಿ ಅಂತ ಹೇಳಿದವಳು ನಾನು. ಅವರು ಬೇಡ ಅಂದಿದ್ದರು."

ಮಾಲಕ ತಿರುಗಿ ನೋಡಿದ. "ಮಾಲೂಮ್ ಹೈ" ಅಂದ, ಗೊತ್ತು ಅಂತ. ಅಂದು, ನಾಲ್ಕನೆಯದನ್ನು ಹೊಡೆದ.

ನಾನು ಓಡಿಹೋಗಿ ಗಜಕೋಲು ಹಿಡಿದು ಜಗ್ಗಿದೆ. ಅವನು ಸುಮ್ಮನೆ ಬಿಟ್ಟುಬಿಟ್ಟ. ಕೋಲಿನ ಸಮೇತ ಕುರ್ತಾಗಳ ಮೇಲೆ ಬಿದ್ದೆ. ಎದ್ದವಳೇ ಬೀಸಿದೆ. ಅವನ ಹುಬ್ಬು ಸೀಳಿತು. ಅವನು ಕರವಸ್ತ್ರ ಒತ್ತಿಕೊಂಡು, ಬಹಳ ಮರ್ಯಾದೆಯಿಂದ, "ಬಾಯಿ, ನೀವು ಮನೆಗೆ ಹೋಗಿ" ಅಂದ. ಆಗಲೂ ಅವನು ನನ್ನನ್ನು ಮುಟ್ಟಲಿಲ್ಲ. ಅಷ್ಟು ಅವಮಾನ ನನಗೆ ಹಿಂದೆ ಎಂದೂ ಆಗಿರಲಿಲ್ಲ.

ಹೊರಗೆ ಬಂದಾಗ ಮಾಸ್ತರರನ್ನು ಇಸ್ತ್ರಿಯವನೊಬ್ಬ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗಿಯಾಗಿತ್ತು. ಪೊಲೀಸರಿಗೆ ಹೇಳೋಣ ಅಂದೆ. ಹೆಂಗಸರು ತಿರುಗಿ ತಮ್ಮ ತಮ್ಮ ಯಂತ್ರಗಳಿಗೆ ಹೋಗಿ ಕೂತರು. ಅಪ್ಪ ಬೇಡ ಅಂದರು, ನಾನೂ ಹೊಡೆದವಳೇ ಅಂತ.

ಎರಡು ವಾರ ಬಿಟ್ಟು ಮಹಾಲ್‌ದ ಅವರ ಓಣಿಗೆ ಹೋದೆ. ಹಲವು ಸಂಸಾರಗಳಿದ್ದ ಹಳೆಯ ದೊಡ್ಡ ವಾಡೆಯ ಕೆಳಗಿನ ಒಂದು ಕೋಣೆ ಅವರ ಮನೆ. ಅವರ ಹೆಂಡತಿ ಬಾಗಿಲು ತೆಗೆದರು. ಕಾರ್ಖಾನೆಯವಳು, ಮಾಸ್ತರರನ್ನು ನೋಡಬೇಕು ಅಂದೆ.

"ಎರಡು ಬೆರಳು ಮಡಚಲಿಕ್ಕೆ ಬರೋದಿಲ್ಲ. ಕತ್ತರಿಯೊಳಗೆ ಹೋಗೋದಿಲ್ಲ. ಏನು ನೋಡ್ತಿ?" ಅಂದರು ಮರಾಠಿಯಲ್ಲಿ.

"ತಪ್ಪು ನನ್ನದು. ಅದನ್ನು ಹೇಳಲಿಕ್ಕೆ ಬಂದೆ."

"ಕಾಟನ್ ಅಂದವಳು ನೀನೇನು?"

"ಹೌದು."

"ನಿನಗೆ ಪೆಟ್ಟು ಬಿತ್ತಾ?"

"ಇಲ್ಲ" ಅಂದೆ.

ಅವರು ನನ್ನ ಕೆನ್ನೆಗೆ ಹೊಡೆದರು. ಕಿವಿ ಗುಂಯ್ ಅಂದಿತು. ಇನ್ನೊಂದು ಹೊಡೆಯಲಿ ಅಂತ ನಿಂತೇ ಇದ್ದೆ, ಹೊಡೆಯಲಿಲ್ಲ. ಒಳಗಿನಿಂದ ಮಾಸ್ತರರ ದನಿ, ಯಾರು ಬಂದರು ಅಂತ ಕೇಳಿತು.

"ಯಾರೂ ಇಲ್ಲ" ಅಂದು ಅವರು ಬಾಗಿಲು ಹಾಕಿಕೊಂಡರು.