ಪಟೇಲನ ಕಾಲಿನ ಮೂಳೆ

ಕೆಂಪಣ್ಣ, ಜಯಮ್ಮಕ್ಕನ ಎಮು ಹಕ್ಕಿಯನ್ನು ನಿಮ್ಮ ನಾಯಿಗಳು ಕೊಲ್ಲಲಿಲ್ಲ. ನಾನು ಕೊಂದೆ. ಹಾರೆಯಿಂದ ಹೊಡೆದು ಕೊಂದೆ. ಎಂಟು ವರ್ಷ ನುಂಗಿಕೊಂಡಿದ್ದ ಮಾತು ಇದು — ಇಷ್ಟು ಬರೆಯುವುದಕ್ಕೇ ಮೂರು ಹಾಳೆ ಹರಿದು ಬಿಸಾಡಿದ್ದೇನೆ.

ನಾನು ಆಗ ಸಂಶೋಧನಾ ವಿದ್ಯಾರ್ಥಿ. ಕೂಟಗಲ್ ಕಡೆಯ ನಿಮ್ಮ ಊರಿಗೆ ಯಾಕೆ ಅಷ್ಟು ಸಲ ಬರುತ್ತಿದ್ದೆ ಎಂದು ನಿಮಗೆ ಸರಿಯಾಗಿ ಹೇಳಿರಲೇ ಇಲ್ಲ. ಮಡಗಾಸ್ಕರ್ ಎಂಬ ದ್ವೀಪದಲ್ಲಿ ಹಿಂದೆ ಆನೆಹಕ್ಕಿ ಎಂಬುದೊಂದಿತ್ತು. ಹಾರಲಾರದು, ಕೊರಳೆತ್ತಿದರೆ ನಿಮ್ಮ ಹೆಂಚಿನ ಸೂರಿಗೆ ತಾಗುವಷ್ಟು ಎತ್ತರ. ಅದು ಅಳಿದು ಎಷ್ಟೋ ಕಾಲವಾಯಿತು. ಅದರ ಮೂಳೆಯ ತೆಳುವಾದ ಬಿಲ್ಲೆಗಳನ್ನು ಇಟ್ಟುಕೊಂಡು, ಆ ಹಕ್ಕಿ ಎಷ್ಟು ವರ್ಷ ಬೆಳೆಯುತ್ತಿತ್ತು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಮರದ ಕೊರಡಿನಲ್ಲಿರುವ ಹಾಗೆ ಮೂಳೆಯಲ್ಲೂ ಸುತ್ತುಗಳಿರುತ್ತವೆ. ಒಂದು ಸುತ್ತೆಂದರೆ ಒಂದು ವರ್ಷವೇ? ಅದನ್ನು ತಿಳಿಯಲು, ಹುಟ್ಟಿದ ದಿನ ಗೊತ್ತಿರುವ ಬಂಧು ಹಕ್ಕಿಯೊಂದರ ಕಾಲಿನ ಮೂಳೆ ಬೇಕಿತ್ತು.

ಜಯಮ್ಮಕ್ಕನ ಬಳಿ ಪಟೇಲ ಇತ್ತು. ಎಮು ಫಾರಂನಲ್ಲಿ ಕೂಲಿಗಿದ್ದಾಗ, ಮೊಟ್ಟೆಯೊಡೆದ ಮಾರನೇ ದಿನವೇ ಮಡಿಲಲ್ಲಿ ಇಟ್ಟುಕೊಂಡು ತಂದ ಮರಿ. ಫಾರಂ ಮುಚ್ಚಿತು, ಪಟೇಲ ಉಳಿಯಿತು. ಕೊರಳೆತ್ತಿ ಊರವರ ಹಿತ್ತಲನ್ನೆಲ್ಲ ತನಿಖೆ ಮಾಡುತ್ತಿದ್ದುದರಿಂದ ಆ ಹೆಸರು, ಇಟ್ಟವರು ನೀವೇ. ಮೂಳೆ ಕೇಳಿದಾಗ ಜಯಮ್ಮಕ್ಕ ನಕ್ಕಿದ್ದರು: "ಸತ್ತ್ ಮ್ಯಾಲೆ ತಾನೆ? ತಗೊಂಡೋಗಪ್ಪ. ಬದುಕಿರೋಗಂಟ ಅದ್ರ ಮೈ ಮುಟ್ಟಬ್ಯಾಡ."

ಪಟೇಲ ಸಾಯಲಿಲ್ಲ. ಎರಡು ವರ್ಷ ಕಾದೆ. ಪ್ರತಿ ಸಲ ಬಂದಾಗಲೂ ಅದು ಗಟ್ಟಿಮುಟ್ಟಾಗಿ ಹಿಪ್ಪುನೇರಳೆ ಹಣ್ಣು ಮುಕ್ಕುತ್ತಿತ್ತು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಪ್ರಬಂಧ ಒಪ್ಪಿಸುವ ಗಡುವಿಗೆ ಎರಡೇ ತಿಂಗಳು ಉಳಿದಿತ್ತು. ಒಂದು ಹಕ್ಕಿ ಸಾಯಲಿ ಎಂದು ದಿನಾ ಬೆಳಿಗ್ಗೆ ಎದ್ದು ಹಾರೈಸುವ ಮನುಷ್ಯ — ಥೂ, ಅವನು ಆಗಲೇ ಅರ್ಧ ಕೊಲೆಗಾರ.

ಆ ದಿನ ಜಯಮ್ಮಕ್ಕ, ಅವರ ಗಂಡ ಸಿದ್ದರಾಜಣ್ಣ ಇಬ್ಬರೂ ರೇಷ್ಮೆಗೂಡು ಮಾರಲು ರಾಮನಗರದ ಮಾರ್ಕೆಟ್ಟಿಗೆ ಹೊರಟರು. "ಒಸಿ ಪಟೇಲನ್ನ ನೋಡ್ಕಳಪ್ಪ, ಮಧ್ಯಾಹ್ನದೊಳ್ಗೆ ಬಂದ್ಬುಡ್ತೀವಿ" ಎಂದು ನನ್ನನ್ನೇ ಕಾವಲಿಟ್ಟು ಹೋದರು.

ಹಾರೆ ಕೊಟ್ಟಿಗೆಯಲ್ಲಿತ್ತು. ಮೊದಲ ಏಟು ತಲೆಗೆ ಬೀಳಲಿಲ್ಲ, ಕೊರಳಿಗೆ ಬಿತ್ತು. ಅದು ಒದೆಯಿತು. ಉಗುರು ನನ್ನ ತೊಡೆಯನ್ನು ಉದ್ದಕ್ಕೆ ಸೀಳಿತು. ಸಿಟ್ಟು ನೆತ್ತಿಗೇರಿತು, ಕೆಂಪಣ್ಣ — ನಾನು ಕೊಲ್ಲುತ್ತಿರುವ ಪ್ರಾಣಿ ನನ್ನನ್ನು ಒದೆಯಿತೆಂದು ನನಗೆ ಸಿಟ್ಟು! ಮತ್ತೆ ಹೊಡೆದೆ. ಮತ್ತೆ. ಅದು ಕಾಲು ಮಡಚಿ ಕುಸಿಯಿತು, ಗಂಟಲಲ್ಲಿ ಗೊರಗೊರ ಸದ್ದು, ಕಣ್ಣು ಮಾತ್ರ ನನ್ನ ಕಡೆಗೇ. ಬುರುಡೆ ಒಡೆಯುವವರೆಗೂ ಹೊಡೆದೆ. ಅಷ್ಟು ಹುಚ್ಚಿನಲ್ಲೂ ಕಾಲಿಗೆ ಒಂದೇ ಒಂದು ಏಟು ಬೀಳದಂತೆ ನೋಡಿಕೊಂಡೆ. ಬುದ್ಧಿ ನೆಟ್ಟಗೇ ಇತ್ತು. ಆಮೇಲೆ ಕುಡುಗೋಲಿನಿಂದ ಹೊಟ್ಟೆ ಬಗೆದು, ಪುಕ್ಕ ಕಿತ್ತು ಚೆಲ್ಲಾಡಿದೆ. ಹಾರೆ ತೊಳೆದು ಅದರ ಜಾಗದಲ್ಲೇ ಇಟ್ಟೆ.

ಜಯಮ್ಮಕ್ಕ ಬಂದವರೇ ರಕ್ತದಲ್ಲೇ ಕುಳಿತು ಅದರ ಕೊರಳನ್ನು ಮಡಿಲಿಗೆ ಎಳೆದುಕೊಂಡರು. ಸಿದ್ದರಾಜಣ್ಣ ನನ್ನ ತೊಡೆ ನೋಡಿ ಕೇಳಿದರು:

"ಯಾರ್ ನಾಯಿ ಸಾ?"

ಯಾವುದೋ ಬೀದಿನಾಯಿ ಎನ್ನಬಹುದಿತ್ತು. ಆದರೆ ಹೆಸರು ಹೇಳಿದರೆ ಸುಳ್ಳಿಗೆ ಬಲ ಬರುತ್ತದೆ ಎಂದು ಆ ಕ್ಷಣದಲ್ಲೇ ನನಗೆ ಹೊಳೆಯಿತು. "ಕೆಂಪಣ್ಣನವು. ಎರಡೂ. ಬಿಡಿಸೋಕೆ ಹೋದೆ, ನನಗೂ ಬಾಯಿ ಹಾಕಿದವು."

ಮುಂದಿನದು ನಿಮಗೇ ಗೊತ್ತು. ಆದರೂ ನಾನೇ ಹೇಳಬೇಕು. ಸಿದ್ದರಾಜಣ್ಣ ಎತ್ತಿಕೊಂಡದ್ದು ನಾನು ತೊಳೆದಿಟ್ಟ ಅದೇ ಹಾರೆ. ನಿಮ್ಮ ಕರಿ ನಾಯಿಯನ್ನು ಹಲಸಿನ ಮರಕ್ಕೆ ಕಟ್ಟಿಹಾಕಿದ್ದಿರಿ. ಕಟ್ಟಿದ ನಾಯಿ ಹೇಗೆ ಹಕ್ಕಿ ಹಿಡಿಯಿತು ಎಂದು ಯಾರೂ ಕೇಳಲಿಲ್ಲ. ನನ್ನ ರಕ್ತವೇ ಸಾಕ್ಷಿಯಾಗಿತ್ತು. ಕರಿ ನಾಯಿ ಕಟ್ಟಿದಲ್ಲೇ ಸತ್ತಿತು. ಇನ್ನೊಂದು, ಪರಿಚಯದವರು ಬಂದರೆಂದು ಬಾಲ ಆಡಿಸುತ್ತ ಬಂದು ಸತ್ತಿತು. ನೀವು "ಲೇ ಸಿದ್ದ, ಬ್ಯಾಡ ಕಣ್ಲಾ" ಎನ್ನುತ್ತ ಅಡ್ಡ ಬಂದಿರಿ. ಹಾರೆ ನಿಮ್ಮ ದವಡೆಗೆ ಬಿತ್ತು. ಹಲ್ಲುಗಳು ಉದುರಿದ್ದನ್ನು ನಾನು ಜಗಲಿಯ ಮೇಲೆ ನಿಂತು ನೋಡಿದೆ. ಬಾಯಿ ಬಿಡಲಿಲ್ಲ.

ಊರ ಪಂಚಾಯ್ತಿಯಲ್ಲಿ ನಾಯಿ ಬಿಟ್ಟಿದ್ದು ನಿಮ್ಮದೇ ತಪ್ಪು ಎಂದರು. ನಾನು ಆಸ್ಪತ್ರೆಗೆ ಹೋಗಿ ನಾಯಿ ಕಡಿತದ ಇಂಜೆಕ್ಷನ್ನುಗಳನ್ನು ಒಂದೂ ತಪ್ಪಿಸದೆ ಚುಚ್ಚಿಸಿಕೊಂಡೆ. ಜಯಮ್ಮಕ್ಕ ಅಳುತ್ತಲೇ ಪಟೇಲನ ಕಾಲುಗಳನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು — ಕೊಟ್ಟ ಮಾತೆಂದು. ಪ್ರಬಂಧದಲ್ಲಿ "ಸ್ವಾಭಾವಿಕ ಮರಣ" ಎಂದು ಬರೆದೆ. ಪರೀಕ್ಷಕರು ಆ ಅಧ್ಯಾಯವನ್ನೇ ತೆಗೆಯಲು ಹೇಳಿದರು. ಒಂದೇ ಹಕ್ಕಿ ಸಾಲದಂತೆ.

ಹೋದ ತಿಂಗಳು ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ನೀವೇ ನನ್ನನ್ನು ಗುರುತು ಹಿಡಿದಿರಿ. ಸೊಟ್ಟಗಾದ ಬಾಯಲ್ಲಿ ಕಷ್ಟಪಟ್ಟು ಕೇಳಿದಿರಿ: "ಕಾಲು ವಾಸಿ ಆಯ್ತಾ ಸಾ? ನಮ್ ನಾಯಿಂದ ನಿಮ್ಗೆ ನೋವಾಯ್ತು. ಮನ್ಸಲ್ಲಿ ಇಟ್ಕಬ್ಯಾಡಿ."

ನಾನು ಏನೆಂದೆ, ನೆನಪಿದೆಯೇ? "ಹೋಗಲಿ ಬಿಡಿ ಕೆಂಪಣ್ಣ" ಎಂದೆ. ನಾನು — ನಿಮ್ಮನ್ನು — ಕ್ಷಮಿಸಿದೆ. ಹಕ್ಕಿಯನ್ನು ಕೊಂದದ್ದಕ್ಕಿಂತ ಆ ಒಂದು ಮಾತಿಗೆ ಹೆಚ್ಚು ಹೇಸಿಕೆಯಾಗುತ್ತಿದೆ.

ಭಾನುವಾರ ಬೆಳಿಗ್ಗೆ ಬರುತ್ತೇನೆ, ಊರೆಲ್ಲ ಹಾಲಿನ ಡೈರಿ ಮುಂದೆ ನಿಂತಿರುವ ಹೊತ್ತಿಗೆ. ಇಲ್ಲಿ ಬರೆದದ್ದನ್ನು ಜಯಮ್ಮಕ್ಕನ ಎದುರು, ಸಿದ್ದರಾಜಣ್ಣನ ಎದುರು ಬಾಯಿಬಿಟ್ಟು ಹೇಳುತ್ತೇನೆ. ನೀವು ಹೊಡೆದರೆ ಕೈ ಅಡ್ಡ ಇಡುವುದಿಲ್ಲ.