ಸಹಿಗೆ ಹೊರತಾದವಳು

ಜೋರ್ನಿತ್ಸಾ ನಮ್ಮ ಬಂದರು ಊರು ವಾರ್ನಾಕ್ಕೆ ಬಂದಾಗ ಅವಳಿಗೆ ಇಪ್ಪತ್ತಮೂರು, ಮಗಳು ಯೋಆನಾಗೆ ಮೂರು. ಪ್ಲೊವ್ದಿವ್‌ನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಾಗ ಹುಟ್ಟಿದ ಮಗು. ಅಪ್ಪ ಅನ್ನಿಸಿಕೊಳ್ಳಬೇಕಾದವನು ಸುದ್ದಿ ಕೇಳಿದ ತಿಂಗಳೇ ಜರ್ಮನಿಗೆ ಜಾರಿಕೊಂಡ. ಇವಳು ಕೂಸನ್ನು ಸಾಕುತ್ತಲೇ ಪದವಿ ಮುಗಿಸಿದಳು. ಇಲ್ಲಿ ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಆರು ತಿಂಗಳು ನೋಡಿ ಖಾಯಂ ಮಾಡುತ್ತೇವೆ ಅಂದಿದ್ದರು.

ನಮ್ಮ ಕಟ್ಟಡದ ಐದನೇ ಮಹಡಿಯಲ್ಲಿ ಕ್ರಾಸಿಮಿರ್ ಅನ್ನುವವನ ಮನೆ ಬಾಡಿಗೆಗೆ ಹಿಡಿದಳು. ನಾನು ನಾಲ್ಕನೆಯದರಲ್ಲಿ, ಸ್ವಂತ ಮನೆಯಲ್ಲಿ, ಒಬ್ಬಳೇ. ಇಪ್ಪತ್ತೆಂಟು ವರ್ಷ ಟ್ರಾಲಿಬಸ್ ಓಡಿಸಿ ನಿವೃತ್ತಳಾದವಳು.

ಶಿಶುವಿಹಾರಕ್ಕೆ ಮಗುವನ್ನು ಸೇರಿಸಬೇಕಾದರೆ ಊರಿನಲ್ಲಿ ನೋಂದಾಯಿಸಿದ ವಿಳಾಸ ಬೇಕು. ವಿಳಾಸಕ್ಕೆ ಮನೆ ಮಾಲೀಕನ ಸಹಿ ಬೇಕು. ಕ್ರಾಸಿಮಿರ್ ಇವತ್ತು ನಾಳೆ ಅಂತ ಎರಡು ತಿಂಗಳು ತಳ್ಳಿದ. ಕೊನೆಗೆ ಮೆಟ್ಟಿಲ ಮೇಲೆ ಅವಳು ಅಡ್ಡ ನಿಂತು ಕೇಳಿದಾಗ ಬಾಯಿಬಿಟ್ಟ.

"ಗಂಡ ಇಲ್ಲದವಳು, ಕಂಕುಳಲ್ಲಿ ಮಗು ಬೇರೆ. ವಿಳಾಸ ಅಂತ ಬರ್ಕೊಟ್ರೆ ಆಮೇಲೆ ನಿನ್ನ ಎಬ್ಬಿಸೋರ್ಯಾರು?"

"ಬಾಡಿಗೆ ಇಸ್ಕೊಳ್ಳೋವಾಗ ಗಂಡ ನೆನಪಾಗ್ಲಿಲ್ವಾ ನಿಮಗೆ?" ಅಂದಳು.

ನಾನು ಸಂತೆಚೀಲ ಹಿಡಿದು ಅಲ್ಲೇ ನಿಂತಿದ್ದೆ. ತುಟಿ ಬಿಚ್ಚಲಿಲ್ಲ. ಅದಕ್ಕೆ ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟಿದೆ.

ಬೇರೆ ದಾರಿಯಿಲ್ಲದೆ ಅವಳು ಯೋಆನಾಳನ್ನು ಲ್ಯಾಬಿಗೇ ಕರೆದೊಯ್ದು, ಬಟ್ಟೆ ಬದಲಿಸುವ ಕೋಣೆಯಲ್ಲಿ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸುತ್ತಿದ್ದಳು. ಮಗು ನೋಡಿಕೊಳ್ಳಬೇಕಾದವಳು ಮನೆಯಲ್ಲೇ ಇರುವುದು ಒಳ್ಳೆಯದು ಎಂದು ಡಿಸೆಂಬರಿನಲ್ಲಿ ಲ್ಯಾಬಿನವರು ಅವಳನ್ನು ಕೆಲಸದಿಂದ ಬಿಡಿಸಿದರು. ಅವಳ ಒಂದು ಪರೀಕ್ಷೆಯಲ್ಲೂ ತಪ್ಪು ಹುಡುಕಲು ಅವರಿಗೆ ಆಗಿರಲಿಲ್ಲ.

ಸುದ್ದಿ ಕೇಳಿದ ದಿನವೇ ಮೇಲೆ ಹತ್ತಿ ಹೋಗಿ ಬಾಗಿಲು ತಟ್ಟಿದೆ. ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿಯಿದೆ, ಬಂದುಬಿಡು, ಸಹಿ ನಾನು ಹಾಕುತ್ತೇನೆ ಎಂದೆ. ಅವಳು ನನ್ನನ್ನು ನೋಡಿದ ರೀತಿ ನನಗೆ ಅರ್ಥವಾಯಿತು. ಮೂರು ತಿಂಗಳು ಎಲ್ಲಿ ಹೋಗಿದ್ದೆ ಚಿಕ್ಕಮ್ಮಾ ಅಂತ. ಆದರೂ ಆ ವಾರವೇ ಮಗು, ಸಾಮಾನು ಸಮೇತ ಕೆಳಗಿಳಿದು ಬಂದಳು.

ವಿಳಾಸ ನೋಂದಾಯಿಸುವ ಕಚೇರಿಯಲ್ಲಿ ಗುಮಾಸ್ತೆ ಕಾಗದ ತಿರುವಿಹಾಕಿ, ಮಗುವಿನ ತಂದೆ ಎಲ್ಲಿ ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ವಿಚಾರಿಸಿದಳು. ಜೋರ್ನಿತ್ಸಾ ದನಿ ಏರಿಸಲಿಲ್ಲ.

"ಆ ಜಾಗ ಖಾಲಿ ಇದೆ ಮೇಡಂ, ನಿಮಗೂ ಕಾಣ್ತಿದೆ. ನಾನು ಬಂದಿರೋದು ವಿಳಾಸಕ್ಕೆ. ಗಂಡನ್ನ ಹುಡುಕಿ ಅಂತ ನಿಮ್ಮನ್ನ ಕೇಳಿಲ್ಲ."

ಸಾಲಿನಲ್ಲಿ ಯಾರೋ ಒಬ್ಬಳು ನಕ್ಕಳು. ಮುದ್ರೆ ಬಿತ್ತು.

ಐದನೇ ಮಹಡಿಗೆ ಎರಡು ದೊಡ್ಡ ನಾಯಿಗಳನ್ನು ಕಟ್ಟಿಕೊಂಡ ಒಬ್ಬ ಗಂಡಸು ಬಂದ. ಅವನು ಬಂದ ವಾರವೇ ಕ್ರಾಸಿಮಿರ್ ವಿಳಾಸಕ್ಕೆ ಸಹಿ ಹಾಕಿದ. ಅವನ ಹೆಂಡತಿ ಎಲ್ಲಿ ಅಂತ ಯಾರೂ ಕೇಳಲಿಲ್ಲ.

ಮಾರ್ಚಿನಲ್ಲಿ ಯೋಆನಾ ಶಿಶುವಿಹಾರಕ್ಕೆ ಹೋದಳು. ಬಂದರಿನಲ್ಲಿ ಹಡಗಿಗೆ ತುಂಬುವ ಗೋಧಿಯನ್ನು ಪರೀಕ್ಷಿಸುವ ಕೆಲಸ ಅವಳಮ್ಮನಿಗೆ ಸಿಕ್ಕಿತು. ನಾಲ್ಕು ವರ್ಷವಾದರೂ ಇಬ್ಬರೂ ನನ್ನ ಜೊತೆಗೇ ಇದ್ದಾರೆ. ಈಗ ಬಂದರಿನಲ್ಲಿ ಜೋರ್ನಿತ್ಸಾಳ ಕೈಕೆಳಗೆ ಆರು ಜನ, ಅದರಲ್ಲಿ ಇಬ್ಬರು ಚಿಕ್ಕ ಮಕ್ಕಳ ತಾಯಂದಿರು.